ಸ್ಮೋಕರ್‌ನ ಹಳೆಯ ರಿವೆಟ್‌ಗಳನ್ನು ಬಿಡಿಸಿದ ಬಗೆ: ನನ್ನ ಅನುಭವ

ಟೆಕ್ಸಾಸ್‌ನ ನಮ್ಮ ಮನೆಯ ಹಿತ್ತಲಿನಲ್ಲಿರುವ ಸ್ಮೋಕರ್, ಅಂದರೆ ಸೌದೆಯ ಹೊಗೆ ಮತ್ತು ಹದವಾದ ಶಾಖದಲ್ಲಿ ಮಾಂಸ ಬೇಯಿಸುವ ಒಲೆ, ನಿಲುವು ಕಪಾಟಿನ ಆಕಾರದ್ದು. ತಳದಲ್ಲಿ ಇದ್ದಿಲು ಮತ್ತು ಓಕ್ ಸೌದೆ ಉರಿಯುವ ಗೂಡು, ಅದರ ಮೇಲೆ ನೀರಿನ ಬಟ್ಟಲು, ಅದಕ್ಕೂ ಮೇಲೆ ಮಾಂಸ ಇಡುವ ಜಾಲರಿಗಳು. ಹಲವು ವರ್ಷಗಳ ಹೊಗೆ, ಕೊಬ್ಬು ಮತ್ತು ಮಳೆಯಿಂದಾಗಿ ಅದರ ಬಾಗಿಲಿನ ಹಿಂಜ್ ತುಕ್ಕು ಹಿಡಿದು ಸವೆದಿತ್ತು, ಚಿಲಕ ಸಡಿಲವಾಗಿತ್ತು, ಉರಿಗೂಡಿನ ಒಳಗೋಡೆಗೆ ಹೊದಿಸಿದ್ದ ಶಾಖ ತಡೆಯುವ ತಗಡು ಅಲ್ಲಲ್ಲಿ ತೂತು ಬಿದ್ದಿತ್ತು. ಬಾಗಿಲು ಬಿಗಿಯಾಗಿ ಕೂರದಿದ್ದರೆ ಬೇಡದ ಗಾಳಿ ಒಳನುಗ್ಗಿ ಉರಿ ಏರುತ್ತದೆ. 107ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟೆಗಟ್ಟಲೆ ಹಿಡಿದಿಡಬೇಕಾದ ಶಾಖ ಹತೋಟಿಗೆ ಸಿಗುವುದಿಲ್ಲ. ಆದರೆ ಪೆಟ್ಟಿಗೆಯ ಮೈ ಗಟ್ಟಿಯಾಗಿಯೇ ಇದ್ದುದರಿಂದ, ಕೆಟ್ಟ ಭಾಗಗಳನ್ನಷ್ಟೇ ಬದಲಿಸುವುದು ಸರಿ ಎಂದು ತೀರ್ಮಾನಿಸಿದೆ. ಇವೆಲ್ಲವನ್ನೂ ಕಾರ್ಖಾನೆಯಲ್ಲಿ ರಿವೆಟ್, ಅಂದರೆ ತಗಡುಗಳನ್ನು ಶಾಶ್ವತವಾಗಿ ಜೋಡಿಸುವ ಲೋಹದ ಗೂಟ, ಹೊಡೆದೇ ಕೂರಿಸಿದ್ದರು.

ನನ್ನ ಸ್ಮೋಕರ್‌ನಲ್ಲಿದ್ದವು ಹೆಚ್ಚಾಗಿ ಪಾಪ್ ರಿವೆಟ್‌ಗಳು. ಅದು ಕೂರುವ ಬಗೆಯನ್ನು ತಿಳಿದುಕೊಂಡರೆ ತೆಗೆಯುವ ದಾರಿ ತಾನಾಗಿ ಹೊಳೆಯುತ್ತದೆ. ಟೊಳ್ಳಾದ ರಿವೆಟ್‌ನ ಒಳಗೆ ಮೊಳೆಯಂಥ ಒಂದು ಕಡ್ಡಿ ಇರುತ್ತದೆ; ರಿವೆಟ್ ಹೊಡೆಯುವ ಗನ್ ಆ ಕಡ್ಡಿಯನ್ನು ಹೊರಕ್ಕೆ ಎಳೆದಾಗ ಅದರ ಗುಂಡು ತುದಿ ರಿವೆಟ್‌ನ ಹಿಂಬದಿಯನ್ನು ಉಬ್ಬಿಸಿ ತಗಡನ್ನು ಬಿಗಿಹಿಡಿಯುತ್ತದೆ, ಆಮೇಲೆ ಕಡ್ಡಿ ತುಂಡಾಗಿ ಒಂದು ಚೂರು ಒಳಗೇ ಉಳಿಯುತ್ತದೆ. ಈ ಚೂರು ಸಾಮಾನ್ಯವಾಗಿ ರಿವೆಟ್‌ಗಿಂತ ಗಡುಸು. ನೇರವಾಗಿ ಡ್ರಿಲ್ ಇಟ್ಟರೆ ಅದರ ಕೊರೆಯುವ ಮೊನೆಯಾದ ಬಿಟ್ ಆ ಚೂರಿನ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರಿ ತೆಳು ತಗಡನ್ನು ಕೊರೆಯತೊಡಗುತ್ತದೆ, ದುಂಡಗಿನ ರಂಧ್ರ ಕೆಡುತ್ತದೆ. ಆದ್ದರಿಂದ ಮೊದಲ ಕೆಲಸ ಆ ಚೂರನ್ನು ಹೊರದಬ್ಬುವುದು. ಕಡ್ಡಿಗಿಂತ ತುಸು ಸಣ್ಣದಾದ ಪಿನ್ ಪಂಚ್ ಎಂಬ ಉಕ್ಕಿನ ಸರಳನ್ನು ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಹೆಚ್ಚಿನವು ಹಿಂದಕ್ಕೆ ಉದುರುತ್ತವೆ. ತುಕ್ಕಿನಿಂದ ಕಚ್ಚಿಕೊಂಡವಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ. ಅದಕ್ಕೂ ಜಗ್ಗದ ಚೂರುಗಳ ನಟ್ಟನಡುವೆ ಚೂಪು ತುದಿಯ ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, 3 ಮಿಲಿಮೀಟರ್ ಬಿಟ್‌ನಿಂದ ನಿಧಾನವಾಗಿ ಕೊರೆದೆ.

ಮುಂದಿನದು ರಿವೆಟ್‌ನ ತಲೆ. ಇಲ್ಲಿ ಇಡೀ ರಿವೆಟ್‌ನ ಆಳಕ್ಕೂ ಕೊರೆಯಬೇಕಾಗಿಲ್ಲ, ತಲೆಯ ದಪ್ಪದಷ್ಟು ಕೊರೆದರೆ ಸಾಕು. ಕಾಂಡದ ವ್ಯಾಸ 4.8 ಮಿಲಿಮೀಟರ್, ಅಂದರೆ ಒಂದು ಇಂಚಿನ ಹದಿನಾರರಲ್ಲಿ ಮೂರು ಪಾಲು ಇದ್ದುದರಿಂದ ಅದೇ ಅಳತೆಯ ಬಿಟ್ ಬಳಸಿದೆ. ಕಡಿಮೆ ವೇಗ, ಒಂದೆರಡು ಹನಿ ಎಣ್ಣೆ, ಸಮನಾದ ಒತ್ತಡ. ಬಿಟ್ ತಲೆಯನ್ನು ದಾಟಿದ ಕ್ಷಣ ಆ ತಲೆ ಉಂಗುರದಂತೆ ಕಳಚಿ ಬಿಟ್‌ಗೆ ಸುತ್ತಿಕೊಂಡು ಗಿರಗಿರನೆ ತಿರುಗುತ್ತದೆ, ಅಲ್ಲಿಗೇ ನಿಲ್ಲಿಸಬೇಕು. ಉಳಿದ ಕಾಂಡವನ್ನು ಪಂಚ್‌ನಿಂದ ತಟ್ಟಿ ಬೀಳಿಸಬಹುದು. ತಟ್ಟುವಾಗ ತಗಡು ಬಾಗದಂತೆ ಹಿಂದೆ ತೂತಿರುವ ಮರದ ತುಂಡನ್ನು ಒತ್ತಿ ಹಿಡಿದಿದ್ದೆ. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಹೆಚ್ಚು ಸತಾಯಿಸುವುದು ಬಿಟ್ ಜೊತೆಗೆ ತಾನೂ ತಿರುಗುವ ಸಡಿಲ ರಿವೆಟ್. ಒಳಗೆ ಕೈ ಹೋಗುವ ಕಡೆ ಅದರ ಬಾಲವನ್ನು ಬಿಗಿದ ಹಿಡಿತ ಬಿಡದ ಇಕ್ಕಳದಿಂದ (ಲಾಕಿಂಗ್ ಪ್ಲೈಯರ್) ಹಿಡಿದೆ. ಹೋಗದ ಕಡೆ ತಲೆಯ ಅಂಚಿನಡಿ ತೆಳು ಉಳಿಯನ್ನು ಓರೆಯಾಗಿ ಒತ್ತಿ, ತಿರುಗದಂತೆ ತಡೆದು ಕೊರೆದೆ. ಹಿಡಿಕೆಯಲ್ಲಿದ್ದವು ಮಾತ್ರ ಒಳಗೆ ಟೊಳ್ಳಿಲ್ಲದ ಗಟ್ಟಿ ರಿವೆಟ್‌ಗಳು. ಅವುಗಳ ಗುಂಡು ತಲೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ನಡುವನ್ನು ಗುರುತಿಸಿ, ಸಣ್ಣ ಬಿಟ್‌ನಿಂದ ಕೊರೆದು, ಉಳಿದ ಅಂಚನ್ನು ಉಳಿಯಿಂದ ಹಾರಿಸಿದೆ.

ಹೊಸ ಭಾಗಗಳನ್ನು ಮತ್ತೆ ರಿವೆಟ್ ಹೊಡೆದು ಕೂರಿಸಲು ನನಗೆ ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ರಿವೆಟ್ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಕೆಂಡದ ಪಕ್ಕದಲ್ಲಿ ಅದನ್ನು ನಂಬುವಂತಿಲ್ಲ. ಸತುವಿನ ಲೇಪವಿರುವ ಬೋಲ್ಟುಗಳೂ ಒಳಗೆ ಬೇಡ. ಸತು 419 ಡಿಗ್ರಿಯಲ್ಲಿ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು, ಅದೂ ಊಟ ಬೇಯುವ ಜಾಗದಲ್ಲಿ. ನೈಲಾನ್ ಪಟ್ಟಿಯ ನಟ್ಟುಗಳನ್ನೂ ಇದೇ ಕಾರಣಕ್ಕೆ ದೂರವಿಟ್ಟು, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನ ಹತ್ತನೇ ನಂಬರಿನ ಸ್ಕ್ರೂಗಳನ್ನು ಆರಿಸಿಕೊಂಡೆ. ಅವುಗಳ ವ್ಯಾಸ 0.190 ಇಂಚು, ಅಂದರೆ ಸುಮಾರು 4.8 ಮಿಲಿಮೀಟರ್; ಹಳೆಯ ರಿವೆಟ್‌ನ ರಂಧ್ರ ದುಂಡಗೆ ಉಳಿದಿದ್ದರೆ ಅದನ್ನು ದೊಡ್ಡದು ಮಾಡದೆಯೇ ಬಿಗಿಯಾಗಿ ಕೂರುತ್ತವೆ. ರಂಧ್ರ ಕೆಡದಂತೆ ಅಷ್ಟು ಜಾಗರೂಕನಾಗಿದ್ದದ್ದು ಇದಕ್ಕಾಗಿಯೇ. ಸ್ಕ್ರೂವಿನ ತಲೆ ಒಳಗೆ, ನಟ್ಟು ಹೊರಗೆ ಬರುವಂತೆ ಹಾಕಿದೆ. ಹೀಗೆ ಮಾಡಿದರೆ ಮಸಿ ಮತ್ತು ಕೊಬ್ಬು ಸ್ಕ್ರೂವಿನ ಸುರುಳಿ ಎಳೆಗಳಿಗೆ ಮೆತ್ತಿಕೊಳ್ಳುವುದಿಲ್ಲ. ಸ್ಟೇನ್‌ಲೆಸ್ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿಯುವ ಸ್ವಭಾವದವು, ಹಾಗಾಗಿ ಆಹಾರಯಂತ್ರಗಳಿಗೆಂದೇ ತಯಾರಿಸಿದ ಆಂಟಿ-ಸೀಜ್ ಲೇಪವನ್ನು ತೆಳುವಾಗಿ ಸವರಿದೆ.

ಉರಿಗೂಡಿನ ತಗಡಿನ ಹಳೆಯ ರಂಧ್ರಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು. 30 ಸೆಂಟಿಮೀಟರ್ ಉದ್ದದ ಉಕ್ಕಿನ ತಗಡಿನ ಶಾಖ 400 ಡಿಗ್ರಿ ಏರಿದರೆ ಅದು ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ನಾಲ್ಕೂ ಮೂಲೆ ಬಿಗಿದಿದ್ದರೆ ಆ ಹಿಗ್ಗು ರಿವೆಟ್ ಮತ್ತು ರಂಧ್ರಗಳನ್ನೇ ಎಳೆಯುತ್ತದೆ. ಆದ್ದರಿಂದ ಹೊಸ ತಗಡಿನ ಒಂದು ತುದಿಯ ರಂಧ್ರಗಳನ್ನು ಬಿಟ್ಟು ಉಳಿದವನ್ನು ಅರದಿಂದ ಉದ್ದುದ್ದ ಮಾಡಿ, ಅಗಲ ವಾಷರ್ ಹಾಕಿ, ತಗಡು ಜರುಗುವಷ್ಟು ಸಡಿಲವಿಟ್ಟು, ಆ ಸ್ಕ್ರೂಗಳು ಬಿಚ್ಚಿಕೊಳ್ಳದಂತೆ ಹೊರಗೆ ಎರಡೆರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದೆ.

ಕೊನೆಗೆ ಉಕ್ಕಿನ ಚೂರುಗಳನ್ನು ಆಯಸ್ಕಾಂತದಿಂದ ಹೆಕ್ಕಿ, ಉಳಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಾಂಸವಿಡದೆ ಒಮ್ಮೆ ಜೋರಾಗಿ ಉರಿಸಿ ಎಣ್ಣೆಯ ವಾಸನೆ ಹೋಗಲಾಡಿಸಿದೆ. ಪೂರ್ತಿ ತಣ್ಣಗಾದ ಮೇಲೆ ಹಿಂಜ್ ಮತ್ತು ಚಿಲಕದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಬಾಗಿಲಿನ ಸುತ್ತ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದೆ. ಹಿಂಜ್ ಇರುವ ಬದಿಯಲ್ಲೂ ಅದು ಸಲೀಸಾಗಿ ಜಾರಿ ಬರಲಿಲ್ಲ.