ಮನೆಯೊಳಗೆ ಸಿಗ್ನಲ್ ಸಿಗ್ತಿಲ್ವಾ? ಹೊಸ ಫೋನ್ ತಗೊಳ್ಳೋ ಮುಂಚೆ ಇದನ್ನ ಮಾಡಿ ನೋಡಿ

ಬಾಗಿಲ ಹತ್ರ ಚೆನ್ನಾಗಿ ಕೇಳಿಸ್ತಿದ್ದ ಮಾತು ಒಳಗಿನ ರೂಮಿಗೆ ಹೋದ ಕೂಡ್ಲೇ ತುಂಡು ತುಂಡಾಗುತ್ತೆ ಅಂದ್ರೆ ಸಾಮಾನ್ಯವಾಗಿ ಎಲ್ಲರೂ ಬೈಯೋದು ನೆಟ್‌ವರ್ಕ್ ಕಂಪನಿಗೆ, ಇಲ್ಲಾಂದ್ರೆ ಫೋನಿಗೆ. ಆದ್ರೆ ಎಷ್ಟೋ ಸಲ ತೊಂದರೆ ಇರೋದು ಮಧ್ಯೆ ನಿಂತಿರೋ ಗೋಡೆಯಲ್ಲಿ. ಹಾಗಾಗಿ ದುಡ್ಡು ಖರ್ಚು ಮಾಡೋ ಮುಂಚೆ ತೊಂದರೆ ಎಲ್ಲಿದೆ ಅಂತ ಅಳೆದು ನೋಡೋದು ಒಳ್ಳೇದು.

ಅಳೆಯೋದು ಅಂದ್ರೆ ಮೇಲೆ ಕಾಣೋ ಕಡ್ಡಿ ಎಣಿಸೋದಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸ್ಬೇಕು ಅನ್ನೋದನ್ನ ಒಂದೊಂದು ಫೋನ್ ಕಂಪನಿ ಒಂದೊಂದು ತರ ಇಟ್ಟಿರುತ್ತೆ, ಒಂದರ ಮೂರು ಕಡ್ಡಿ ಇನ್ನೊಂದರಲ್ಲಿ ಎರಡೇ ಆಗಿರ್ಬಹುದು. ನಿಜವಾದ ಲೆಕ್ಕ ಡಿಬಿಎಂ, ಅಂದ್ರೆ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಅಳೆಯೋ ಮಾನ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅಲ್ಲಿಂದ ಸಿಮ್ ಸ್ಟೇಟಸ್‌ಗೆ ಹೋದ್ರೆ ಸಿಗ್ನಲ್ ಸ್ಟ್ರೆಂತ್ ಅಂತ ಸಿಗುತ್ತೆ (ಕೆಲವು ಮಾಡೆಲ್‌ಗಳಲ್ಲಿ ಸ್ವಲ್ಪ ಹುಡುಕ್ಬೇಕು), ಐಫೋನ್‌ನಲ್ಲಿ *3001#12345#* ಅಂತ ಡಯಲ್ ಮಾಡಿದ್ರೆ ಫೀಲ್ಡ್ ಟೆಸ್ಟ್ ಪರದೆ ಬರುತ್ತೆ, ಅದರಲ್ಲಿ ಆರ್‌ಎಸ್‌ಆರ್‌ಪಿ (ಟವರ್‌ನಿಂದ ಫೋನಿಗೆ ತಲುಪೋ ಸಿಗ್ನಲ್‌ನ ಬಲ) ಅನ್ನೋ ಸಂಖ್ಯೆ ನೋಡಿ. ಸಂಖ್ಯೆ ಮೈನಸ್‌ನಲ್ಲಿರುತ್ತೆ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು. 4ಜಿಯಲ್ಲಿ ಸುಮಾರು -80 ಇದ್ರೆ ಭರ್ಜರಿ, -100 ಇದ್ರೆ ಪರವಾಗಿಲ್ಲ, -110 ದಾಟಿದ್ರೆ ಮಾತು ಕಟ್ ಆಗೋಕೆ ಶುರು, -120 ಹತ್ರ ಹೋದ್ರೆ ಇದ್ದೂ ಇಲ್ಲದ ಹಾಗೆ. ಇಲ್ಲೊಂದು ವಿಷಯ ನೆನಪಿಡಿ, ಈ ಸಂಖ್ಯೆ 10 ಡಿಬಿ ಕಡಿಮೆ ಆಯ್ತು ಅಂದ್ರೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಇಳೀತು ಅಂತ, ಅದಕ್ಕೇ ಹೊರಗಡೆ -95 ಇದ್ದಿದ್ದು ರೂಮಲ್ಲಿ -115 ಆಗಿದ್ರೆ ನೂರರಲ್ಲಿ ಒಂದು ಭಾಗ ಮಾತ್ರ ಒಳಗೆ ಬರ್ತಿದೆ.

ಈಗ ಫೋನ್ ಹಿಡ್ಕೊಂಡು ಮನೆಯೆಲ್ಲಾ ಓಡಾಡಿ, ಪ್ರತಿ ರೂಮಲ್ಲಿ, ಕಿಟಕಿ ಪಕ್ಕ, ಹೊರಗಡೆ, ಒಂದೊಂದು ಕಡೆ ಒಂದರ್ಧ ನಿಮಿಷ ನಿಂತು ಬರ್ಕೊಳ್ಳಿ, ಯಾಕಂದ್ರೆ ಸಂಖ್ಯೆ ತಡವಾಗಿ ಬದಲಾಗುತ್ತೆ. ಹೊರಗೇ -115 ಇದ್ರೆ ಟವರ್ ದೂರ ಇದೆ ಅಥವಾ ಅಡ್ಡ ಏನೋ ಇದೆ, ಬೇರೆ ಕಂಪನಿ ಸಿಮ್ ಹಾಕಿ ನೋಡೋದೇ ಮೊದಲ ಕೆಲಸ. ಹೊರಗೆ ಚೆನ್ನಾಗಿದ್ದು ಒಳಗೆ ಮಾತ್ರ ಇಲ್ಲಾಂದ್ರೆ ಕಳ್ಳ ಮನೆಯಲ್ಲೇ ಇದ್ದಾನೆ. ಕಬ್ಬಿಣ ಹಾಕಿದ ಕಾಂಕ್ರೀಟ್, ತಗಡಿನ ಚಾವಣಿ, ಶಾಖ ತಡೆಯೋಕೆ ಅಂಟಿಸಿದ ಫಾಯಿಲ್, ಇವೆಲ್ಲಾ ಸಿಗ್ನಲ್ ತಡೀತವೆ ಅಂತ ಊಹಿಸ್ಬಹುದು, ಆದ್ರೆ ಜನಕ್ಕೆ ಹೊಳೆಯದೇ ಇರೋದು ಗಾಜು. ಬಿಸಿಲಿನ ಶಾಖ ತಡೆಯೋ ಹೊಸ ಗಾಜುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಲೋಹದ ಲೇಪನ ಇರುತ್ತೆ, ಬೆಳಕು ಬರುತ್ತೆ, ಸಿಗ್ನಲ್ ಬಹಳ ಕಡಿಮೆ ಬರುತ್ತೆ. ಕಿಟಕಿ ಮುಚ್ಚಿ ಒಂದ್ಸಲ, ತೆಗೆದು ಒಂದ್ಸಲ ನೋಡಿ, ಸಂಖ್ಯೆ ಎದ್ದು ಕಾಣೋ ಹಾಗೆ ಬದಲಾದ್ರೆ ಕಾರಣ ಅದೇ.

ಇದಕ್ಕೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಪರಿಹಾರ ವೈಫೈ ಕಾಲಿಂಗ್, ಅಂದ್ರೆ ಟವರ್ ಬದಲು ಮನೆಯ ವೈಫೈ ಮೂಲಕ ಕಾಲ್ ಮಾಡೋದು. ಮನೇಲಿ ಬ್ರಾಡ್‌ಬ್ಯಾಂಡ್ ಇದ್ರೆ ಬೇರೇನೂ ಕೊಳ್ಳೋ ಅಗತ್ಯ ಇಲ್ಲ, ಆಪ್ ಬೇಡ, ನಿಮ್ಮ ನಂಬರ್‌ನಿಂದಲೇ ಕಾಲ್ ಹೋಗುತ್ತೆ, ಬರುತ್ತೆ. ಆದ್ರೆ ನೆಟ್‌ವರ್ಕ್ ಕಂಪನಿಯೂ ಒಪ್ಪಬೇಕು, ಫೋನೂ ಒಪ್ಪಬೇಕು. ಸೆಟ್ಟಿಂಗ್ಸ್‌ನಲ್ಲಿ ಅದನ್ನ ಆನ್ ಮಾಡಿ, ಏರ್‌ಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ ಒಂದು ಕಾಲ್ ಮಾಡಿ. ಹೋಯ್ತು ಅಂದ್ರೆ ಸರಿ ಇದೆ. ಹೋಗ್ಲಿಲ್ಲ ಅಂದ್ರೆ ರೂಟರ್‌ನ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯೋ ವ್ಯವಸ್ಥೆ) ಯುಡಿಪಿ 500 ಮತ್ತು 4500 ಪೋರ್ಟ್‌ಗಳನ್ನ ತಡೀತಿದ್ಯಾ ನೋಡಿ, ಈ ಕಾಲ್‌ಗಳು ಆ ದಾರಿಯಲ್ಲೇ ಓಡಾಡೋದು. ಕರೆಂಟ್ ಹೋದ್ರೆ ರೂಟರ್ ಆರಿ ಕಾಲೂ ನಿಲ್ಲುತ್ತೆ, ಮನೇಲಿ ವಯಸ್ಸಾದವರು ಅಥವಾ ಕಾಯಿಲೆಯವರು ಇದ್ರೆ ದಯವಿಟ್ಟು ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಡಿ.

ಬೂಸ್ಟರ್ (ಸಿಗ್ನಲ್ ದೊಡ್ಡದು ಮಾಡೋ ಸಾಧನ) ಬಗ್ಗೆ ಕೇಳೋರು ಜಾಸ್ತಿ. ಎಷ್ಟೋ ದೇಶಗಳಲ್ಲಿ ಅನುಮತಿ ಇಲ್ಲದೆ ಅದನ್ನ ಹಾಕೋದು ಅಪರಾಧ, ಯಾಕಂದ್ರೆ ಕಳಪೆ ಬೂಸ್ಟರ್ ಟವರ್‌ಗೇ ಗದ್ದಲ ಕಳಿಸಿ ಸುತ್ತಮುತ್ತಲಿನ ಎಲ್ಲರ ಕಾಲ್ ಹಾಳು ಮಾಡುತ್ತೆ. ಜೊತೆಗೆ ಹೊರಗಿರೋ ಸಿಗ್ನಲನ್ನೇ ಅದು ದೊಡ್ಡದು ಮಾಡೋದು, ಹೊರಗೂ ಇಲ್ಲಾಂದ್ರೆ ಏನೂ ಮಾಡಲ್ಲ. ಮೊದಲು ನಿಮ್ಮ ಕಂಪನಿಯನ್ನೇ ಕೇಳಿ. ಇನ್ನು ಫೋನ್ ಹಿಂದೆ ಅಂಟಿಸೋ ಆಂಟೆನಾ ಸ್ಟಿಕರ್‌ನಿಂದ ಪ್ರಯೋಜನ ಇಲ್ಲ.

ಇಷ್ಟೆಲ್ಲಾ ಆದ್ಮೇಲೂ ಫೋನೇ ಬದಲಾಯಿಸ್ಬೇಕು ಅಂತಾದ್ರೆ ಹೆಸರು ನೋಡ್ಬೇಡಿ, ಮಾಡೆಲ್ ನಂಬರ್ ನೋಡಿ. ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಮಾಡೆಲ್ ನಂಬರ್‌ನಲ್ಲಿ ಬರುತ್ತೆ, ಒಳಗಿನ ಬ್ಯಾಂಡ್‌ಗಳೂ (ಫೋನ್ ಹಿಡಿಯಬಲ್ಲ ಫ್ರೀಕ್ವೆನ್ಸಿ ಗುಂಪುಗಳು) ಬೇರೆ ಇರ್ಬಹುದು. ಮನೆಯೊಳಗೆ ಕೆಲಸಕ್ಕೆ ಬರೋದು ಕಡಿಮೆ ಫ್ರೀಕ್ವೆನ್ಸಿ, ಅಂದ್ರೆ 700ರಿಂದ 900 ಮೆಗಾಹರ್ಟ್ಸ್ ಆಸುಪಾಸಿನವು, 4ಜಿಯಲ್ಲಿ ಬ್ಯಾಂಡ್ 28, 20, 5, 8 ಇಂಥವು. ಅವು ದೂರ ಹೋಗ್ತವೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟ್ತವೆ. ಬ್ಯಾಂಡ್ 40 ಅಂದ್ರೆ 2300, 5ಜಿಯ ಎನ್78 ಅಂದ್ರೆ 3500 ಸುತ್ತಮುತ್ತ, ಇವು ಸ್ಪೀಡ್ ಕೊಡ್ತವೆ ಆದ್ರೆ ಗೋಡೆ ಮುಂದೆ ಬೇಗ ಸೋಲ್ತವೆ. ನಿಮ್ಮ ಕಂಪನಿ ನಿಮ್ಮ ಜಾಗದಲ್ಲಿ ಯಾವ ಕಡಿಮೆ ಬ್ಯಾಂಡ್ ಬಳಸುತ್ತೆ ಅಂತ ತಿಳ್ಕೊಂಡು, ಆ ಮಾಡೆಲ್‌ನ ಪಟ್ಟಿಯಲ್ಲಿ ಅದು ಇದ್ಯಾ ಅಂತ ಹೋಲಿಸಿ ನೋಡಿ.

ಬ್ಯಾಂಡ್ ಇದ್ದ ಮಾತ್ರಕ್ಕೆ ಮುಗೀಲಿಲ್ಲ, ವೋಲ್ಟಿ (4ಜಿ ಮೇಲೆಯೇ ಕಾಲ್ ಸಾಗಿಸೋ ವ್ಯವಸ್ಥೆ) ಕೂಡ ನಿಮ್ಮ ಕಂಪನಿ ಸಿಮ್‌ನಲ್ಲಿ ಕೆಲಸ ಮಾಡ್ಬೇಕು, ಹೊರದೇಶದಿಂದ ತಂದ ಫೋನ್‌ಗಳಲ್ಲಿ 4ಜಿ ಡೇಟಾ ಓಡುತ್ತೆ ಆದ್ರೆ ವೋಲ್ಟಿ, ವೈಫೈ ಕಾಲಿಂಗ್ ಎರಡೂ ಆನ್ ಆಗದೇ ಇರ್ಬಹುದು. ಹಳೇ ನೆಟ್‌ವರ್ಕ್ ಮುಚ್ಚೋ ಕಡೆ ಇದು ಪ್ರಾಣದ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ ಟೆಲ್‌ಸ್ಟ್ರಾ, ಆಪ್ಟಸ್ ಕಂಪನಿಗಳು 3ಜಿ ಮುಚ್ಚೋಕೆ ಶುರು ಮಾಡಿದಾಗ, ತುರ್ತು ಕರೆ ಮಾತ್ರ 3ಜಿಯಲ್ಲೇ ಮಾಡ್ತಿದ್ದ ಕೆಲವು 4ಜಿ ಫೋನ್‌ಗಳನ್ನೂ ನೆಟ್‌ವರ್ಕ್‌ನಿಂದ ಹೊರಗಿಡಬೇಕಾಯ್ತು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಇರೋ ಗುರುತಿನ ಸಂಖ್ಯೆ) ಪರೀಕ್ಷಿಸಿ, ಬೇರೆ ಕಂಪನಿಗೆ ಲಾಕ್ ಆಗಿದ್ಯಾ ಕೇಳಿ. ಹೊಸದೋ ಹಳೇದೋ, ವಾಪಸ್ ಕೊಡೋಕೆ ಎಷ್ಟು ದಿನ ಅವಕಾಶ ಇದೆ ಅಂತ ಮೊದಲೇ ಕೇಳ್ಕೊಂಡು, ಮನೆಗೆ ತಂದ ದಿನವೇ ಸಿಗ್ನಲ್ ಅತಿ ಕೆಟ್ಟದಾಗಿರೋ ರೂಮಲ್ಲಿ ನಿಂತು ವೈಫೈ ಆಫ್ ಮಾಡಿ ಒಂದು ಕಾಲ್ ಮಾಡಿ, ಮಾತಾಡ್ತಿರುವಾಗ ಮೇಲಿನ 4ಜಿ ಗುರುತು ಹಾಗೇ ಇದ್ರೆ ವೋಲ್ಟಿ ಇದೆ, 3ಜಿ ಅಥವಾ 2ಜಿಗೆ ಇಳಿದ್ರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಇದ್ಯಾ ನೋಡಿ, ಆಗ್ಲೂ ಇಳಿದ್ರೆ ಬಿಲ್ ಸಮೇತ ವಾಪಸ್ ಕೊಟ್ಬಿಡಿ.