ರಟ್ಟಿನ ಸ್ಟೇಷನ್ನಿನಲ್ಲಿ ಅಂಚಿನದೇ ಕೆಲಸ

ಮಾಡೆಲ್ ರೈಲಿನ ಲೇಔಟಿಗೆ, ಅಂದರೆ ಪುಟ್ಟ ರೈಲು ಓಡಾಡುವ ಪುಟ್ಟ ಊರಿಗೆ, ರಟ್ಟಿನಲ್ಲಿ ಕಟ್ಟಡ ಮಾಡುತ್ತೇನೆ ಅಂದರೆ ಸುಮಾರು ಜನಕ್ಕೆ ಮಕ್ಕಳ ಸ್ಕೂಲ್ ಪ್ರಾಜೆಕ್ಟ್ ನೆನಪಾಗಿ ನಗು ಬರುತ್ತದೆ. ಬರಲಿ. ಎರಡಡಿ ದೂರ ನಿಂತು ನೋಡಿದರೆ ಒಳ್ಳೆಯ ರಟ್ಟಿನ ಗೋಡೆ ಪ್ಲಾಸ್ಟಿಕ್ ಗೋಡೆಗಿಂತ ಒಂದು ಕೈ ಮೇಲೇ ಕಾಣುತ್ತದೆ, ಯಾಕೆಂದರೆ ಪ್ಲಾಸ್ಟಿಕ್ಕಿನ ಹಾಳು ಹೊಳಪು ಅದಕ್ಕಿಲ್ಲ. ಗುಟ್ಟು ರಟ್ಟು ಮಾಡುವುದು ಗೋಡೆಯಲ್ಲ, ಅಂಚು. ಕತ್ತರಿಸಿದ ಕಡೆ ಇಣುಕುವ ಬಿಳಿ ಗೆರೆ. ಈ ಹವ್ಯಾಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಗೆರೆಯನ್ನು ಮರೆಮಾಡುವ ವಿದ್ಯೆಯೇ.

ಶುರುಮಾಡಿದ್ದು ಇಂಗ್ಲೆಂಡಿನ ಕಿಟ್‌ಗಳಿಂದ. ಯಾರ್ಕ್‌ಷೈರಿನ ಮೆಟ್‌ಕಾಫ್ ಕಂಪನಿಯ ಕಿಟ್‌ಗಳಲ್ಲಿ ಭಾಗಗಳು ಪ್ರಿಂಟಾಗಿ, ಕತ್ತರಿಸಿಯೇ ಬರುತ್ತವೆ. ಹಾಳೆಗೆ ಅಂಟಿಕೊಂಡಿರುವ ಪುಟ್ಟ ಕೊಂಡಿಗಳನ್ನು ಬ್ಲೇಡಿನಿಂದ ಬಿಡಿಸಿದರೆ ಸಾಕು. ಕೈಯಿಂದ ಒತ್ತಿ ಕೀಳುವ ಆಸೆಯಾಗುತ್ತದೆ, ಕೀಳಬಾರದು. ಮೇಲಿನ ಪದರ ಸಿಪ್ಪೆ ಏಳುತ್ತದೆ. ಸ್ಕೇಲ್‌ಸೀನ್ಸ್ ಎಂಬ ಇನ್ನೊಂದು ಕಿಟ್ ಕಂಪನಿಯವರದು ಬೇರೆ ದಾರಿ. ಒಮ್ಮೆ ದುಡ್ಡು ಕೊಟ್ಟು ಪಿಡಿಎಫ್ ಇಳಿಸಿಕೊಂಡರೆ ಎಷ್ಟು ಸಲ ಬೇಕಾದರೂ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ ನಾವೇ ಕತ್ತರಿಸಬೇಕು. ಕೆಲಸ ಹೆಚ್ಚು, ಆದರೆ ಕೊರಿಯರ್, ಕಸ್ಟಮ್ಸ್ ಗೋಜಿಲ್ಲ. ನಮ್ಮಂಥ ದೂರದವರಿಗೆ ಇದೇ ವಾಸಿ.

ಅಳತೆಯದೊಂದು ತಕರಾರಿದೆ. ಬ್ರಿಟಿಷ್ ಕಿಟ್‌ಗಳು ಹೆಚ್ಚಾಗಿ ಓಓ ಅಳತೆಯವು, ಅಂದರೆ 1:76, ನಿಜವಾದದ್ದರ 76ನೇ ಒಂದು ಪಾಲು. ನನ್ನ ರೈಲು ಎಚ್‌ಓ, 1:87. ಹಳಿಗಳ ನಡುವಿನ ಅಂತರ ಎರಡಕ್ಕೂ 16.5 ಮಿಲಿಮೀಟರೇ ಆದ್ದರಿಂದ ಅಂಗಡಿಯಲ್ಲಿ ಎಲ್ಲ ಒಂದೇ ಎನ್ನುತ್ತಾರೆ. ಏಳಡಿಯ ಬಾಗಿಲು ಓಓನಲ್ಲಿ 28 ಮಿಲಿಮೀಟರ್, ಎಚ್‌ಓನಲ್ಲಿ ಇಪ್ಪತ್ತನಾಲ್ಕೂವರೆ. ಪಕ್ಕದಲ್ಲಿ ಬೋಗಿ ಬಂದು ನಿಂತ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಪಿಡಿಎಫ್ ಆದರೆ 87.5 ಪರ್ಸೆಂಟಿಗೆ ಇಳಿಸಿ ಪ್ರಿಂಟ್ ತೆಗೆಯಬಹುದು. ಆದರೆ ರಟ್ಟು ತಾನಾಗಿ ತೆಳ್ಳಗಾಗುವುದಿಲ್ಲವಲ್ಲ! ಎರಡು ಮಿಲಿಮೀಟರ್ ರಟ್ಟಿಗೆಂದು ಬಿಟ್ಟ ಸಂದು ಈಗ ಒಂದೂ ಮುಕ್ಕಾಲು ಆಗಿರುತ್ತದೆ. ಸಂದುಗಳನ್ನೆಲ್ಲ ಕೈಯಾರೆ ಅಗಲ ಮಾಡಬೇಕು, ಮೂಲೆಯಲ್ಲಿ ಕೂಡುವ ಗೋಡೆಗಳನ್ನು ಮತ್ತೆ ಲೆಕ್ಕ ಹಾಕಬೇಕು.

ಪ್ರಿಂಟ್ ಹೊರಗೆ ತೆಗೆಸುವುದಾದರೆ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಹೇಳಿ: “ಅಣ್ಣಾ, ಫಿಟ್ ಟು ಪೇಜ್ ಬೇಡ, ಆಕ್ಚುಯಲ್ ಸೈಜೇ ಹಾಕಿ.” ಹಾಳೆಯ ಮೇಲಿನ ಅಳತೆಯ ಗೆರೆಗೆ ಅಲ್ಲೇ ಸ್ಕೇಲ್ ಇಟ್ಟು ನೋಡಿ. ಲೇಸರ್ ಪ್ರಿಂಟ್ ನೀರಿಗೆ ಹೆದರುವುದಿಲ್ಲ, ಆದರೆ ಮಡಿಚಿದ ಕಡೆ ಟೋನರ್ ಒಡೆದು ಬಿಳಿ ಬಿರುಕು ಬಿಡುತ್ತದೆ. ಮತ್ತೆ ಅದೇ ಅಂಚಿನ ಕಾಟ. ಅದಕ್ಕೇ ನಾನು ಇಂಕ್‌ಜೆಟ್ ಬಳಸುತ್ತೇನೆ. ಮಡಿಕೆ ಸ್ವಚ್ಛವಾಗಿ ಬರುತ್ತದೆ. ಅದರ ಬಣ್ಣ ಒದ್ದೆ ಕೈಗೂ ಹರಡುವುದರಿಂದ ಕತ್ತರಿಸುವ ಮೊದಲೇ ಮ್ಯಾಟ್ ವಾರ್ನಿಷ್ ಸ್ಪ್ರೇ ತೆಳ್ಳಗೆ ಎರಡು ಸಲ.

ರಟ್ಟಿಗೆ ನೋಟ್‌ಬುಕ್ ಬೈಂಡಿಂಗಿನ ಬೂದು ಬೋರ್ಡ್ ಸಾಕು, ಬೆಂಗಳೂರಿನ ಅವೆನ್ಯೂ ರೋಡ್ ಕಡೆ ಸಿಗುತ್ತದೆ. ಕಾಗದವನ್ನು ಬೋರ್ಡಿಗೆ ಅಂಟಿಸಲು ಗ್ಲೂ ಸ್ಟಿಕ್, ಗೋಡೆಗೆ ಗೋಡೆ ಕೂಡಿಸಲು ಫೆವಿಕಾಲ್. ಫೆವಿಕಾಲಿಗೆ ನೀರು ಬೆರೆಸಬೇಡಿ. ನೀರು ಕುಡಿದ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಂದು ಮುಖಕ್ಕೆ ಕಾಗದ ಅಂಟಿಸಿದರೆ ಹಿಂಭಾಗಕ್ಕೂ ಒಂದು ಖಾಲಿ ಹಾಳೆ ಅಂಟಿಸಿ, ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಒತ್ತಿಡಿ. ಎರಡೂ ಕಡೆ ಸಮನಾಗಿ ಎಳೆದರೆ ಗೋಡೆ ನೆಟ್ಟಗಿರುತ್ತದೆ, ಜುಲೈ ತಿಂಗಳ ಥಂಡಿಗೂ ಜಗ್ಗುವುದಿಲ್ಲ. ಮೈದಾ ಅಂಟು ಮಾತ್ರ ಬೇಡವೇ ಬೇಡ. ಜಿರಳೆಗೂ ಸಿಲ್ವರ್ ಫಿಶ್ಶಿಗೂ ಅದು ಔತಣ.

ಬ್ಲೇಡಿಗೆ ಮೆಡಿಕಲ್ ಶಾಪಿನ 11ನೇ ನಂಬರಿನ ಸರ್ಜಿಕಲ್ ಬ್ಲೇಡ್, 3ನೇ ನಂಬರಿನ ಹಿಡಿ. ರಟ್ಟು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದದ್ದು ಕತ್ತರಿಸುವುದಿಲ್ಲ, ಹರಿಯುತ್ತದೆ. ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಒಂದೇ ಏಟಿಗೆ ಇಳಿಸಿದರೆ ಅಂಚು ಓರೆಯಾಗಿ, ಮೂಲೆಯಲ್ಲಿ ಕೂಡಿಸಿದಾಗ ಸಂದು ಬಾಯಿಬಿಡುತ್ತದೆ.

ಈಗ ಅಂಚಿಗೆ ಬರೋಣ. ಬಣ್ಣ ಹಚ್ಚುವುದು ಅಂಟಿಸುವ ಮೊದಲು, ಪ್ರತಿ ತುಂಡಿಗೂ. ಸ್ಕೆಚ್ ಪೆನ್ ಬೇಡ, ಅದರ ಇಂಕು ಪ್ರಿಂಟಿನ ಅಡಿಗೆ ಇಳಿದು ಕಲೆ ಮಾಡುತ್ತದೆ. ವಾಟರ್ ಕಲರ್ ಪೆನ್ಸಿಲನ್ನು ಒಣಗಿದ್ದ ಹಾಗೇ ಅಂಚಿನ ಮೇಲೆ ಅಡ್ಡ ಹಿಡಿದು ಉಜ್ಜಿ. ಇಟ್ಟಿಗೆ ಗೋಡೆ ಅಂತ ಇಟ್ಟಿಗೆಯ ಕೆಂಪನ್ನೇ ಹಚ್ಚಿದರೆ ಮೂಲೆಯುದ್ದಕ್ಕೂ ಕೆಂಪು ಪಟ್ಟಿ ಎಳೆದಂತೆ ಕಾಣುತ್ತದೆ; ಇಟ್ಟಿಗೆಗೂ ಗಾರೆಗೂ ನಡುವಿನ ಮಾಸಲು ಕಂದು ಸರಿಹೋಗುತ್ತದೆ. ಕಪ್ಪಂತೂ ಎಲ್ಲಿಯೂ ಬೇಡ. ಹೊರಮೂಲೆಗಳಲ್ಲಿ ಇನ್ನೂ ಒಳ್ಳೆಯ ಉಪಾಯ, ಇಟ್ಟಿಗೆ ಕಾಗದವನ್ನು ಒಂದೇ ಉದ್ದ ಪಟ್ಟಿಯಾಗಿ ಮೂಲೆ ಸುತ್ತಿಸಿಬಿಡುವುದು; ಅಂಚೇ ಇರುವುದಿಲ್ಲ. ಕಿಟಕಿಗೂ ಹಾಗೇ. ತೆರೆದ ಜಾಗದ ಕಾಗದವನ್ನು ಕತ್ತರಿಸಿ ಎಸೆಯದೆ, ಮೂಲೆಯಿಂದ ಮೂಲೆಗೆ ಸೀಳಿ ನಾಲ್ಕು ತುಂಡನ್ನೂ ಒಳಕ್ಕೆ ಮಡಿಚಿ ಅಂಟಿಸಿದರೆ ಗೋಡೆಯ ದಪ್ಪ ಇಟ್ಟಿಗೆಯದಾಗಿಯೇ ಕಾಣುತ್ತದೆ. ಕಟ್ಟಡ ನೆಲ ಮುಟ್ಟುವ ಕಡೆಯೂ ಒಂದು ಅಂಚೇ. ಪ್ಲಾಟ್‌ಫಾರ್ಮಿನ ಮೇಲೆ ಸುಮ್ಮನೆ ಇಟ್ಟರೆ ಅಡಿಯಲ್ಲಿ ಸಂದು ಕಾಣುತ್ತದೆ. ಪ್ಲಾಟ್‌ಫಾರ್ಮಿನ ಮೇಲ್ಪದರದಲ್ಲಿ ಕಟ್ಟಡದ ಆಕಾರಕ್ಕೆ ಕತ್ತರಿಸಿ ಒಂದು ಮಿಲಿಮೀಟರ್ ಒಳಗೆ ಕೂರಿಸಿ. ಒಳಗೆ ಎಲ್‌ಇಡಿ ಇಡುವವರು ಗೋಡೆಯ ಒಳಮುಖಕ್ಕೆ ಕಪ್ಪು ಬಳಿಯಿರಿ, ಇಲ್ಲದಿದ್ದರೆ ಇಡೀ ಸ್ಟೇಷನ್ ಆಕಾಶಬುಟ್ಟಿ!

ಇಷ್ಟು ಕೈಗೆ ಹತ್ತಿದ ಮೇಲೆ ನಮ್ಮ ಕಡೆಯ ಸ್ಟೇಷನ್ ಮಾಡುವ ಹುಕಿ ಬಂತು. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಿಂದೆ ಓಡುತ್ತಿದ್ದದ್ದು ಎರಡೂವರೆ ಅಡಿ ಅಗಲದ ಹಳಿಯ ಗಾಡಿ, 762 ಮಿಲಿಮೀಟರ್ ಗೇಜು. 87ರಿಂದ ಭಾಗಿಸಿದರೆ ಸುಮಾರು ಒಂಬತ್ತು, ಅಂದರೆ ಇನ್ನೂ ಚಿಕ್ಕ ಮಾಡೆಲ್ ರೈಲುಗಳಿಗೆಂದು ಸಿಗುವ ಒಂಬತ್ತು ಮಿಲಿಮೀಟರಿನ ಎನ್ ಗೇಜ್ ಹಳಿಯೇ ನಡೆಯುತ್ತದೆ. ಇದಕ್ಕೆ ಕಿಟ್ ಎಲ್ಲಿಂದ ಬರಬೇಕು? ಹಳೆಯ ಸ್ಟೇಷನ್ನುಗಳ ಫೋಟೋ ಇಟ್ಟುಕೊಂಡು, ಬಾಗಿಲಿನ ಎತ್ತರ ಏಳಡಿ ಅಂತ ಹಿಡಿದು ಉಳಿದದ್ದನ್ನೆಲ್ಲ ಅದರಿಂದ ಅಳೆದೆ. ಇಂಥದೇ ಊರಿನ ಸ್ಟೇಷನ್ ಅಂತಲ್ಲ, ಆ ಮಾರ್ಗದ ಚಹರೆ ಬಂದರೆ ಸಾಕಿತ್ತು.

ಗೋಡೆ ಸುಲಭ. ಹೊತ್ತು ತಿಂದದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ದೇಶದ ಎಷ್ಟೋ ಸ್ಟೇಷನ್ನುಗಳ ನೆತ್ತಿಗೆ ಏರಿದ ಹೆಂಚು. ಇಂಗ್ಲಿಷ್ ಕಿಟ್‌ನ ಸ್ಲೇಟ್ ಹಾಳೆ ಇದಕ್ಕೆ ನಡೆಯುವುದಿಲ್ಲ. ಹೆಂಚು ಸುಮಾರು ಹದಿನಾರು ಇಂಚು ಉದ್ದ, ಹತ್ತು ಇಂಚು ಅಗಲ. 1:87ರಲ್ಲಿ ಐದು ಮಿಲಿಮೀಟರಿಗೂ ಕಡಿಮೆ ಉದ್ದ, ಮೂರರಷ್ಟು ಅಗಲ. ಒಂದರ ಮೇಲೊಂದು ಹತ್ತಿ ಕೂರುವುದರಿಂದ ಕಾಣುವ ಭಾಗ ಇನ್ನೂ ಕಡಿಮೆ. ತೆಳು ಡ್ರಾಯಿಂಗ್ ಶೀಟನ್ನು ರಬ್ಬರ್ ಮ್ಯಾಟಿನ ಮೇಲಿಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಹಿಂಬದಿಯಲ್ಲಿ ಸಾಲಾಗಿ ಗೀಚಿದರೆ ಮುಂದೆ ಏಣು ಏಳುತ್ತದೆ. ಅದನ್ನು ಅಡ್ಡಕ್ಕೆ ಐದು ಮಿಲಿಮೀಟರ್ ಪಟ್ಟಿಗಳಾಗಿ ಕತ್ತರಿಸಿ, ಸೂರಿನ ಕಡೆಯಿಂದ ಮೇಲಕ್ಕೆ ಒಂದರ ಮೇಲೊಂದು ಹೊಂದಿಸುತ್ತಾ ಹೋದೆ. ಇಲ್ಲಿ ಮಾತ್ರ ಅಂಚು ಕಾಣಲೇಬೇಕು, ಸಾಲು ಸಾಲಾಗಿ ನೆರಳು ಬೀಳಬೇಕು. ಬಣ್ಣ ಒಂದೇ ಕೆಂಪಾದರೆ ಸುಳ್ಳು ಅನ್ನಿಸುತ್ತದೆ. ಮಳೆಗೆ ಕಪ್ಪಿಟ್ಟ ಹೆಂಚುಗಳ ನಡುವೆ ಮೊನ್ನೆ ಬದಲಾಯಿಸಿದ ಹಾಗೆ ನಾಲ್ಕೈದನ್ನು ತಿಳಿಗೆಂಪು ಮಾಡಿದೆ, ಅಲ್ಲಿಗೆ ಮಾಡಿಗೆ ಜೀವ ಬಂತು.

ಮುಂದಿನದು ಗೂಡ್ಸ್ ಶೆಡ್. ತಗಡಿನ ಅಲೆ ಮೂರಿಂಚಿಗೊಂದು ಅಂದರೂ ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಬರುವುದಿಲ್ಲ. ರಟ್ಟಿನಲ್ಲಿ ಅದು ಆಗುವ ಮಾತಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಂದಿಟ್ಟುಕೊಂಡಿದ್ದೇನೆ.