ಬೋರ್‌ವೆಲ್ಲಿನ ‘ಎರಡು ಇಂಚು ನೀರು’ ಎಂದರೆ ಎಷ್ಟು ಲೀಟರ್?

ಬೋರ್ ಕೊರೆಯುವವರು ‘ಎರಡು ಇಂಚು ನೀರು ಬಿತ್ತು’ ಎನ್ನುತ್ತಾರೆ. ಇಂಚು ಉದ್ದದ ಅಳತೆ. ರೈತರಿಗೆ ಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಲೆಕ್ಕ. ಆ ಇಂಚು ಬರುವುದು ವಿ-ನಾಚ್‌ನಿಂದ, ಅಂದರೆ ನೀರು ಹರಿದುಹೋಗಲು ತಗಡಿನಲ್ಲಿ ಕತ್ತರಿಸಿದ ತ್ರಿಕೋನ ಕಿಂಡಿಯಿಂದ. ಅದರ ಕೆಳತುದಿಯಿಂದ ನೀರು ನಿಂತ ಎತ್ತರವೇ ಆ ಇಂಚು. ಇಂಚನ್ನು ಲೀಟರಿಗೆ ತಿರುಗಿಸುವ ಸೂತ್ರವನ್ನು ಆಯಾಮ ವಿಶ್ಲೇಷಣೆಯಿಂದ, ಅಂದರೆ ಸೂತ್ರದ ಎರಡೂ ಬದಿಯ ಉದ್ದ, ಕಾಲ, ದ್ರವ್ಯರಾಶಿಗಳನ್ನು ಹೊಂದಿಸಿ, ನಾವೇ ಕಟ್ಟಬಹುದು.

ಮೊದಲು, ಹರಿವನ್ನು ನಿರ್ಧರಿಸುವ ಸಂಗತಿಗಳನ್ನು ಆಯಾಮದ ಸಮೇತ ಬರೆದುಕೊಳ್ಳಿ:

ಹರಿವು: ಉದ್ದ³/ಕಾಲ
ನೀರಿನ ಎತ್ತರ: ಉದ್ದ
ಗುರುತ್ವ ವೇಗೋತ್ಕರ್ಷ: ಉದ್ದ/ಕಾಲ²
ಸಾಂದ್ರತೆ: ದ್ರವ್ಯರಾಶಿ/ಉದ್ದ³

ನಿಜಕ್ಕೂ ತಲೆ ಓಡಿಸಬೇಕಾದ ಹೆಜ್ಜೆ ಇದೇ. ಇಲ್ಲಿ ಗುರುತ್ವವನ್ನು ಮರೆತರೆ ಬಲಬದಿಯಲ್ಲಿ ಕಾಲವೇ ಇರುವುದಿಲ್ಲ, ಲೆಕ್ಕ ಮುಂದೆ ಸಾಗದು.

ಈಗ ಎರಡೂ ಬದಿಯ ಘಾತಗಳನ್ನು ಹೊಂದಿಸಿ. ದ್ರವ್ಯರಾಶಿ ಇರುವುದು ಸಾಂದ್ರತೆಯಲ್ಲಿ ಮಾತ್ರ, ಹರಿವಿನಲ್ಲಿ ಇಲ್ಲ. ಹಾಗಾಗಿ ಸಾಂದ್ರತೆಯ ಘಾತ ಸೊನ್ನೆ. ಹೊಸ ಬೋರಿನ ಕೆಸರುನೀರು ತುಸು ಭಾರವಾದರೂ ಸೂತ್ರ ಬದಲಾಗದು! ಹರಿವಿನಲ್ಲಿ ಕಾಲದ ಘಾತ −1, ಗುರುತ್ವದಲ್ಲಿ −2; ಆದ್ದರಿಂದ ಗುರುತ್ವದ ಘಾತ ½. ಉದ್ದದ ಘಾತ 3 ಆಗಬೇಕು, ಗುರುತ್ವದಿಂದ ½ ಬಂದಿದೆ, ಉಳಿದ 2½ ಎತ್ತರದ್ದು.

ಹರಿವು = ಸ್ಥಿರಾಂಕ × √ಗುರುತ್ವ × (ಎತ್ತರದ 2.5ನೇ ಘಾತ)

ಇಂಚು ಎರಡು ಪಟ್ಟಾದರೆ ನೀರು ಎರಡು ಪಟ್ಟಲ್ಲ, ಸುಮಾರು 5.7 ಪಟ್ಟು. ‘ಒಂದಿಂಚಿನ ಎರಡು ಬೋರು ಎರಡಿಂಚಿಗೆ ಸಮ’ ಎಂಬ ಲೆಕ್ಕ ಇಲ್ಲಿಯೇ ಎಡವುತ್ತದೆ.

ಸ್ಥಿರಾಂಕ ಎಷ್ಟೆಂದು ಆಯಾಮಗಳು ಹೇಳಲಾರವು. ಅದಕ್ಕೆ ಬಕೆಟ್ಟು, ಗಡಿಯಾರ ಬೇಕು. 90 ಡಿಗ್ರಿ ನಾಚ್‌ನಲ್ಲಿ ಎರಡು ಇಂಚು ನಿಂತಾಗ 20 ಲೀಟರ್ ಬಕೆಟ್ಟು ಸುಮಾರು 25 ಸೆಕೆಂಡಿನಲ್ಲಿ ತುಂಬುತ್ತದೆ. ಅಂದರೆ ಸೆಕೆಂಡಿಗೆ 0.8 ಲೀಟರ್, 0.0008 ಘನ ಮೀಟರ್. ಎತ್ತರ 0.0508 ಮೀಟರ್, ಗುರುತ್ವ 9.81. ಇವನ್ನು ಸೂತ್ರಕ್ಕೆ ಹಾಕಿದರೆ ಸ್ಥಿರಾಂಕ 0.44. ಈ ಸಂಖ್ಯೆಗೆ ಏಕಮಾನವಿಲ್ಲ, ಆದರೆ ಉಳಿದ ಅಂಕಿಗಳೆಲ್ಲ ಮೀಟರ್–ಸೆಕೆಂಡಿನಲ್ಲೇ ಇರಬೇಕು, 9.81ರ ಪಕ್ಕದಲ್ಲಿ ಇಂಚನ್ನು ಇಂಚಾಗಿಯೇ ಇಟ್ಟರೆ ಉತ್ತರ ದಿಕ್ಕು ತಪ್ಪುತ್ತದೆ. ಹೀಗೆ ಲೆಕ್ಕ ಹಾಕಿದರೆ ಎರಡು ಇಂಚಿಗೆ ನಿಮಿಷಕ್ಕೆ 48 ಲೀಟರ್, ಮೂರು ಇಂಚಿಗೆ ಸುಮಾರು 133 ಲೀಟರ್.

ಅಳೆಯುವಾಗ ಎಚ್ಚರ ಬೇಕು. ಅಂಚಿನ ಹತ್ತಿರ ನೀರು ಬಾಗಿ ಇಳಿಯುತ್ತದೆ, ಅಲ್ಲಿ ಸ್ಕೇಲು ಹಿಡಿದರೆ ಎತ್ತರ ಕಡಿಮೆ ಸಿಗುತ್ತದೆ. ನೀರಿನ ಎತ್ತರದ ಮೂರ್ನಾಲ್ಕು ಪಟ್ಟು ಹಿಂದೆ, ತ್ರಿಕೋನದ ತುದಿಯ ಮಟ್ಟದಿಂದ ಅಳೆಯಿರಿ. ಎತ್ತರವನ್ನು ಶೇ 10ರಷ್ಟು ಹೆಚ್ಚು ಓದಿದರೆ ಹರಿವು ಶೇ 27ರಷ್ಟು ಉಬ್ಬುತ್ತದೆ, 2.5ನೇ ಘಾತದ ಪ್ರಭಾವ ಅಷ್ಟು. ಒಂದಿಂಚಿಗಿಂತ ಕಡಿಮೆ ನೀರಿಗೆ ಈ ಸೂತ್ರವನ್ನು ನಂಬಬೇಡಿ. ತೆಳುವಾದ ಹರಿವಿನಲ್ಲಿ ನಾವು ಪಟ್ಟಿಗೆ ಸೇರಿಸದ ಮೇಲ್ಮೈ ಎಳೆತವೂ ಸ್ನಿಗ್ಧತೆಯೂ (ನೀರಿನ ಅಂಟುತನ) ಕೆಲಸ ಮಾಡುತ್ತವೆ. ಅಲ್ಲಿ ನೇರವಾಗಿ ಬಕೆಟ್ಟು ತುಂಬಿಸಿ ನೋಡುವುದೇ ಸರಿ.

ಕೋನವನ್ನೂ ಕೇಳಿಕೊಳ್ಳಿ. ಕೋನಕ್ಕೆ ಆಯಾಮವಿಲ್ಲ, ಹಾಗಾಗಿ ಅದು ಸ್ಥಿರಾಂಕದೊಳಗೆ ಅಡಗಿ ಕೂತಿರುತ್ತದೆ. ನಾಚ್ 60 ಡಿಗ್ರಿಯದಾದರೆ ಅದೇ ಎರಡು ಇಂಚಿಗೆ ನಿಮಿಷಕ್ಕೆ ಬರುವುದು ಸುಮಾರು 28 ಲೀಟರ್.